ಅಕ್ಕನಿಗೆ ಬಿಸಿನೀರು

ಅಕ್ಕಾ,

ಅಲ್ಲಿ ಸುಖವಾಗಿದ್ದೀಯಾ ಎಂದು ಕೇಳುವುದಿಲ್ಲ. ಸುಖವಾಗಿದ್ದಾಳೆ, ಸುಖವಾಗಿದ್ದಾಳೆ ಎಂದು ಇಲ್ಲಿಯವರೆಲ್ಲ ಹೇಳಿ ಹೇಳಿ ನನ್ನ ಕಿವಿ ತೂತುಬಿದ್ದಿದೆ. ನಾನು ಬರೆಯುತ್ತಿರುವುದು ಜಗಳಕ್ಕೆ. ನಿನ್ನ ಜೊತೆಗಲ್ಲ, ನೀನು ಯಾರ ಹತ್ತಿರ ಹೋಗಿದ್ದೀಯೋ ಅವನ ಜೊತೆಗೆ. ಅವನು ಉತ್ತರ ಕೊಡುವ ಪೈಕಿ ಅಲ್ಲ. ನೀನಾದರೆ ಬಯ್ದಾದರೂ ಬಯ್ಯುತ್ತೀ. ಅದಕ್ಕೇ ನಿನಗೆ. ಹಳ್ಳಿಯ ಸಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವನ ಅಕ್ಷರ, ಸಹಿಸಿಕೊ. ಆಗ ಇಡೀ ಸಾಲೆಯಲ್ಲಿ ನನ್ನ ಅಕ್ಷರವೇ ಚೆಂದ ಅಂತಿದ್ದರು ಎಂಬುದು ಬೇರೆ ಮಾತು.

ಊರಿನ ಸಂಡೇ ಸ್ಕೂಲು ನೆನಪಿದೆಯಾ? ಗದಗಿನ ಆಚೆಯ ನಮ್ಮ ಹಳ್ಳಿಯ ಹಂಚಿನ ಚರ್ಚಿನಲ್ಲಿ ಗೋಣಿತಟ್ಟಿನ ಮೇಲೆ ಕೂತಿರುತ್ತಿದ್ದೆವು. ಉಪದೇಶಿ ಮಾಸ್ತರರು ಕೋಲು ಹಿಡಿದು, ಮನುಷ್ಯ ಯಾತಕ್ಕ ಹುಟ್ಟ್ಯಾನ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ದೇವರನ್ನು ಅರಿಯಲಿಕ್ಕೆ, ಪ್ರೀತಿಸಲಿಕ್ಕೆ, ಆತನ ಮಹಿಮೆಗಾಗಿ ಬಾಳಲಿಕ್ಕೆ ಎಂಬುದು ಬಾಯಿಪಾಠದ ಉತ್ತರ. ನನ್ನ ಸರದಿ ಬಂದಾಗ ಕಿಟಕಿಯಾಚೆ ಪೇರಲ ಗಿಡ ಕಾಣುತ್ತಿತ್ತು. ‘ಪೇರಲಹಣ್ಣ ತಿನ್ನಾಕರೀ’ ಎಂದೆ. ಆ ಚರ್ಚಿನಲ್ಲಿ ಅಷ್ಟು ಜನರನ್ನು ಒಟ್ಟಿಗೆ ನಗಿಸಿದವನು ಇವತ್ತಿಗೂ ಇನ್ನೊಬ್ಬನಿಲ್ಲ. ಏಟು ತಿಂದ ಅಂಗೈಗೆ ನೀನು ಎಣ್ಣೆ ಸವರುತ್ತ, ದೊಡ್ಡವರ ಹಾಗೆ ಹೇಳಿದೆ: ‘ದಾನ್ಯಾ, ಸ್ವಾಮಿ ತಾನ ಬಗ್ಗಿ ಶಿಷ್ಯರ ಕಾಲ ತೊಳದಾನ. ನಾವು ಹುಟ್ಟಿದ್ದೂ ಅದಕ್ಕಪಾ. ಒಬ್ಬರನ್ನ ಒಬ್ಬರು ತೊಳೀಲಿಕ್ಕ.’ ಮಾಸ್ತರರ ಉತ್ತರ ಕೋಲಿನ ಜೊತೆಗೇ ಮರೆತುಹೋಯಿತು. ನಿನ್ನದು ಮರೆಯಲಿಲ್ಲ. ಮರೆತಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಮುಂಬಯಿಯ ಭಾಂಡುಪ್‌ನ ಚಾಳಿನ ಮನೆಗೆ ನೀನು ಮದುವೆಯಾಗಿ ಬಂದೆ, ನಿನ್ನ ಬೆನ್ನಿಗೇ ಬಂದು ನಾನು ಕಾರ್ಖಾನೆಯಲ್ಲಿ ವೆಲ್ಡರ್ ಆದೆ. ಎಂಥ ವೆಲ್ಡರ್ ಎಂದು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುವವರು ಈಗ ಯಾರೂ ಉಳಿದಿಲ್ಲ. ನೀನು ಹಿಡಿದ ಕೆಲಸಕ್ಕೆ ಹೆಸರೇ ಇರಲಿಲ್ಲ. ನಮ್ಮ ಚರ್ಚಿನ ಕನ್ನಡ ಸಭೆಯಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಪಾಸ್ಟರಿಗಿಂತ ಮೊದಲು ನಿನಗೆ ಫೋನು. ಚೆಂಬೂರಾಗಲಿ, ಆಂಟಾಪ್ ಹಿಲ್ ಆಗಲಿ, ಬಟ್ಟೆಚೀಲ ಹೆಗಲಿಗೇರಿಸಿ ಲೋಕಲ್ ಹತ್ತುತ್ತಿದ್ದೆ. ಅದರಲ್ಲಿ ಹೊಸ ಟವೆಲ್ಲು, ಸೋಪು, ಬಾಚಣಿಗೆ, ಕೊಬ್ಬರಿ ಎಣ್ಣೆ. ದೇಹ ತೊಳೆದು, ತಲೆ ಬಾಚಿ, ಬಿಳಿ ಸೀರೆ ಉಡಿಸಿ ಪೆಟ್ಟಿಗೆಗೆ ಸಿದ್ಧ ಮಾಡುವವಳು ನೀನು. ಹೋದ ಮನೆಯಲ್ಲಿ ಮೊದಲು ಕೇಳುತ್ತಿದ್ದದ್ದು ಬಿಸಿನೀರು. ಸತ್ತವರಿಗೂ ಥಂಡಿ ಹತ್ತತದೇನಕ್ಕಾ ಎಂದು ನಾನು ಎಲ್ಲರೆದುರು ಚುಡಾಯಿಸುತ್ತಿದ್ದೆ. ಒಮ್ಮೆ ಮಾತ್ರ ತಿರುಗಿ ಹೇಳಿದೆ: ‘ಅವರಿಗಲ್ಲೋ, ನನ್ನ ಕೈಗೆ. ಕೈ ಥಂಡಿ ಆತಂದ್ರ ಅವಸರ ಮಾಡತದ.’

ಕೊರೋನಾದ ಎರಡನೇ ಅಲೆಯಲ್ಲಿ ಆ ಆಸ್ಪತ್ರೆಯ ಗೇಟು… ಅದನ್ನು ಬರೆಯಬಾರದು ಅಂದುಕೊಂಡಿದ್ದೆ. ಮಾವ, ನಿನ್ನ ಗಂಡ, ಅಷ್ಟುಹೊತ್ತಿಗೆ ತೀರಿಹೋಗಿದ್ದರು. ಗೇಟಿನ ಹೊರಗೆ ನಾನು, ನಿನ್ನ ಒಬ್ಬಳೇ ಮಗಳು ಕರುಣಾ, ಮತ್ತು ಅವಳ ಹೆಗಲ ಮೇಲೆ ನಿನ್ನದೇ ಬಟ್ಟೆಚೀಲ. ನಿನ್ನನ್ನು ತಾನೇ ತೊಳೆಯಬೇಕೆಂದು ಮನೆಯಿಂದ ತಂದಿದ್ದಳು. ನಿಮ್ಮವ್ವನ ಹತ್ತಿರ ನಿನ್ನ ಕರಕೊಂಡು ಹೋಗೇ ಹೋಗ್ತೀನಿ ಎಂದು ನಾನು ಎದೆ ತಟ್ಟಿದ್ದೆ. ವಾಚ್‌ಮನ್‌ಗೆ ನಗರಸೇವಕನ ಭಾವಮೈದ ಎಂದೆ, ವಾರ್ಡ್‌ಬಾಯ್‌ಗೆ ಪೊಲೀಸಿನವನು ಎಂದೆ. ಜೀವನದಲ್ಲಿ ಮೊದಲ ಸಲ ನನ್ನ ಸುಳ್ಳು ನಡೆಯಲಿಲ್ಲ. ಮೈಯೆಲ್ಲ ಮುಚ್ಚಿಕೊಂಡವರು ನಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಗಾಡಿಗೆ ಹಾಕಿದರು. ಅವರನ್ನು ಬಯ್ಯಲಾರೆ, ಅವರಿಗೂ ಮನೆಯಲ್ಲಿ ಮಕ್ಕಳಿದ್ದರು. ಆದರೆ ಬೇರೆಯವರನ್ನು ತೊಳೆಯುವುದಕ್ಕೇ ಹುಟ್ಟಿದವಳು ನೀನು ಅಂದಮೇಲೆ, ನಿನ್ನನ್ನು ತೊಳೆಯಲು ಎರಡು ಕೈ ಕಳಿಸುವುದು ನಿನ್ನ ಸ್ವಾಮಿಗೆ ಅಷ್ಟು ಕಷ್ಟವಾಗಿತ್ತೇ?

ಸ್ಮರಣೆಯ ಪ್ರಾರ್ಥನೆ ಮೊಬೈಲಿನಲ್ಲಿ ನಡೆಯಿತು. ಚಿಕ್ಕ ಚಿಕ್ಕ ಚೌಕಗಳಲ್ಲಿ ಸಭೆಯವರ ಮುಖ, ಯಾರದೋ ಮನೆಯ ಕುಕ್ಕರಿನ ಸೀಟಿ. ಸಹೋದರಿ ತನ್ನ ಜೀವನದ ಉದ್ದೇಶವನ್ನು ಪೂರೈಸಿ ಹೋಗಿದ್ದಾಳೆ, ದೇವರಿಗೆ ಸ್ತೋತ್ರ ಎಂದರು ಪಾಸ್ಟರು. ಎಲ್ಲರೂ ಆಮೆನ್ ಎಂದರು. ನನಗೂ ಅಭ್ಯಾಸಬಲದಿಂದ ಬಾಯಿಗೆ ಬಂತು. ಕರುಣಾ ಫೋನು ಬಂದ್ ಮಾಡಿ ನನ್ನ ಮುಖ ನೋಡಿದಳು. ‘ಮಾಮಾ, ಮಮ್ಮಿ ಕೀ ಲೈಫ್ ಕಾ ಪರ್ಪಸ್ ಪ್ಲಾಸ್ಟಿಕ್ ಥಾ ಕ್ಯಾ?’ ಎಂಥ ಮಾತಿಗೂ ಒಂದು ಎದುರುಮಾತು ಇಟ್ಟುಕೊಂಡಿರುವ ನಾನು ಚಹಾ ಕುಡಿತೀಯೇನು ಎಂದು ಕೇಳಿದೆ. ಅವತ್ತಿನಿಂದ ಅವಳು ಚರ್ಚಿನ ಮೆಟ್ಟಿಲು ಹತ್ತಿಲ್ಲ. ನಾನು ಹತ್ತುತ್ತೇನೆ. ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು, ಆಮೆನ್ ಅನ್ನದೆ ಬರುತ್ತೇನೆ.

ಊರಲ್ಲಿ ಅಪ್ಪನ ಸಮಾಧಿ ಇವತ್ತಿಗೂ ಬೇವಿನ ಗಿಡದ ಬುಡದಲ್ಲಿ ಇದ್ದಲ್ಲೇ ಇದೆ. ಈ ಮುಂಬಯಿಯಲ್ಲಿ ಹಾಗಲ್ಲ, ನಿನಗೆ ಗೊತ್ತು. ಸತ್ತವರೂ ಇಲ್ಲಿ ಬಾಡಿಗೆಯವರೇ. ಕೆಲವು ವರ್ಷ ಮಲಗಿಸಿ, ಆಮೇಲೆ ಗುಂಡಿ ತೆಗೆದು ಎಲುಬುಗಳನ್ನು ಗೋಡೆಯ ಗೂಡಿಗೆ ಏರಿಸಿ, ಜಾಗವನ್ನು ಮುಂದಿನವರಿಗೆ ಬಿಡಬೇಕು. ನಿನ್ನ ಸರದಿ ಬಂತೆಂದು ಹೋದರೆ, ಗುಂಡಿ ತೋಡುವವನು ಅರ್ಧಕ್ಕೇ ಸನಿಕೆ ನಿಲ್ಲಿಸಿದ. ‘ಅಂಕಲ್, ಅಭೀ ನಹೀ. ಪ್ಲಾಸ್ಟಿಕ್ ಹೈ, ಮಿಟ್ಟೀ ಕೋ ಛೂನೇ ನಹೀ ದೇತಾ’ ಎಂದ. ಪ್ಲಾಸ್ಟಿಕ್ಕಿನಲ್ಲಿ ಹೋದವರೆಲ್ಲ ಮಣ್ಣು ತಾಗದೆ, ಕರಗದೆ ಹಾಗೇ ಇದ್ದಾರಂತೆ. ಮತ್ತೆ ಮುಚ್ಚಿಸಿ ಬಂದೆ. ಮಣ್ಣಿಗೆ ಮಣ್ಣು ಎಂದು ಎಷ್ಟು ಜನರ ಗುಂಡಿಯ ಬಾಯಲ್ಲಿ ನಿಂತು ಕೇಳಿದ್ದೇವೆ ನಾವು. ನಿನಗೆ ಅಷ್ಟೂ ಸಿಗಲಿಲ್ಲವಲ್ಲೇ ಅಕ್ಕಾ. ಮಣ್ಣಿನಲ್ಲಿದ್ದೂ ಮಣ್ಣು ಮುಟ್ಟದ ಹಾಗೆ…

ಹೋದ ಶನಿವಾರ ಸ್ಮಶಾನದಿಂದ ಮತ್ತೆ ಕರೆ ಬಂತು, ಈ ಸಲ ಆಗುತ್ತದೆ ಎಂದು. ಕರುಣಾಗೆ ಫೋನ್ ಮಾಡಿದೆ. ನಂಗ ಬ್ಯಾಡ ಮಾಮಾ, ಛೋಡೋ ನಾ, ನನಗೆ ಆಫೀಸಿದೆ ಎಂದಳು. ಎಲುಬಿನ ಪೆಟ್ಟಿಗೆ ನಾನೇ ಮಾಡಿದ್ದೆ, ತೆಳು ಸ್ಟೀಲಿನದು. ವೆಲ್ಡಿಂಗ್ ಜೋಡಣೆ ಎಲ್ಲಿದೆಯೆಂದು ದೇವದೂತರು ಬಂದರೂ ಹುಡುಕಬೇಕು, ಹಾಗೆ ಉಜ್ಜಿದ್ದೇನೆ. ಜೊತೆಗೆ ಥರ್ಮಾಸಿನಲ್ಲಿ ಬಿಸಿನೀರು. ಗುಂಡಿ ತೋಡುವವನು ಅದನ್ನು ನೋಡಿ ಚಹಾ ಅಂದುಕೊಂಡು ಲೋಟ ತಂದ. ಕೆಲಸ ನಮ್ಮದು, ನಾವೇ ತೊಳೆದು ತುಂಬಿಕೊಡುತ್ತೇವೆ, ನೀವು ದೂರ ನಿಲ್ಲಿ ಎಂದ. ಇವಳನ್ನು ತೊಳೆಯುವವನು ನಾನು ಎಂದು ಕೂತುಬಿಟ್ಟೆ. ಅಕ್ಕಾ, ಹೆಣದ ಮನೆಗೆ ಹೋದರೆ ಯಾವಾಗಲೂ ಬಾಗಿಲಲ್ಲೇ ನಿಂತು ತಮಾಷೆ ಮಾಡುತ್ತಿದ್ದವನು ನಾನು. ಮೊದಲ ಎಲುಬನ್ನು ಕಣ್ಣು ಮುಚ್ಚಿಕೊಂಡೇ ಎತ್ತಿಕೊಂಡೆ. ಯಾರಿಗೂ ಹೇಳಬೇಡ.

ತಲೆಯ ಭಾಗಕ್ಕೆ ಬರುವಷ್ಟರಲ್ಲಿ ಥರ್ಮಾಸ್ ಖಾಲಿಯಾಗಿತ್ತು. ಅಲ್ಲಿ ನಲ್ಲಿ ಇದೆ ಎಂದು ಅವನು ತೋರಿಸಿದ. ಆಗ ಹಿಂದಿನಿಂದ ಯಾರೋ ಥರ್ಮಾಸ್ ಎತ್ತಿಕೊಂಡರು. ಕೊರಳಲ್ಲಿ ಆಫೀಸಿನ ಕಾರ್ಡು ಹಾಗೇ ನೇತಾಡುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಕರುಣಾ. ‘ಬರೇ ಥಂಡಿ ನೀರು ಬ್ಯಾಡ, ರುಕೋ’ ಎಂದು ಹೊರಗಿನ ಚಹಾದ ಟಪರಿಗೆ ಹೋಗಿ, ಕುದಿಯುವ ನೀರು ತುಂಬಿಸಿಕೊಂಡು ಬಂದಳು. ನಲ್ಲಿ ನೀರು ಬೆರೆಸಿ, ಮಣಿಗಂಟಿನ ಮೇಲೆ ಹನಿ ಬಿಟ್ಟು ನೋಡಿದಳು. ನೀನು ಹಾಗೇ ನೋಡುತ್ತಿದ್ದೆ. ಅವಳು ಹೊಯ್ದಳು, ನಾನು ತೊಳೆದೆ. ಇಬ್ಬರೂ ಪ್ರಾರ್ಥನೆ ಮಾಡಲಿಲ್ಲ. ಪಾಸ್ಟರು ಬಂದು ಮಾಡಿದರು. ಉದ್ದೇಶ ಎಂಬ ಪದ ಬಾಯಿಂದ ಬರಬಾರದೆಂದು ಮೊದಲೇ ತಾಕೀತು ಮಾಡಿದ್ದೆ, ಪಾಪ, ತಡವರಿಸಿದರು. ನಿನ್ನ ಗೂಡು ನಮ್ಮ ಊರ ಮನೆಯ ಗೋಡೆಯಲ್ಲಿ ನೀನು ಬೈಬಲ್ ಇಡುತ್ತಿದ್ದ ಮಾಡಕ್ಕಿಂತ ಸ್ವಲ್ಪವೇ ದೊಡ್ಡದು.

ನನಗೆ ಉತ್ತರ ಸಿಕ್ಕಿತೆಂದು ತಿಳಿಯಬೇಡ. ಸಿಕ್ಕಿಲ್ಲ. ಸಿಟ್ಟೂ ಇಳಿದಿಲ್ಲ. ನಿನ್ನ ಸ್ವಾಮಿ ಭೇಟಿಯಾದಾಗ ಆಸ್ಪತ್ರೆಯ ಗೇಟಿನಿಂದಲೇ ಮಾತು ಶುರುಮಾಡುತ್ತೇನೆ, ಹೇಳಿಟ್ಟಿರು. ಇಷ್ಟು ಮಾತ್ರ ನಿಜ: ಆ ನೀರಲ್ಲಿ ನನ್ನ ಕೈ ಅವಸರ ಮಾಡಲಿಲ್ಲ.

ಇನ್ನೊಂದು ಸುದ್ದಿ. ಸ್ಟೇಷನ್ನಿಗೆ ನಡೆಯುವಾಗ, ಮುಂದಿನ ಭಾನುವಾರ ಚರ್ಚಿಗೆ ಬರ್ತೀಯೇನು ಎಂದು ಕೇಳಿದೆ. ಇಲ್ಲ ಎಂದಳು. ಆಮೇಲೆ ನನ್ನ ಕೈಯಿಂದ ಖಾಲಿ ಥರ್ಮಾಸ್ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

‘ಮಾಮಾ, ನಿನ್ನ ಟೈಮ್ ಬಂದಾಗ ನಾ ತೊಳೀತೀನಿ. ಟೆನ್ಶನ್ ಮತ್ ಲೋ, ಘರ್ ಮೇ ಗೀಸರ್ ಹೈ.’

ನನಗೆ ಒಂಚೂರು ಜಾಸ್ತಿ ಬಿಸಿ ಇರಲಿ ಎಂದೆ. ವೆಲ್ಡರನ ಚರ್ಮ, ಸುಮ್ಮನೆ ಬಿಸಿ ಹತ್ತುವುದಿಲ್ಲ.

ನಿನ್ನ ತಮ್ಮ,
ದಾನ್ಯಾ