ಜೋಡಿ ಬಾಳೆಹಣ್ಣು

ಗುರುವಾರ, ೧೩ ನವೆಂಬರ್ ೨೦೨೫

ಇಷ್ಟು ವರ್ಷ ಕಾಲೇಜಿನಲ್ಲಿ ಕೋಶವಿಭಜನೆ ಪಾಠ ಮಾಡಿದವಳು ಇವತ್ತು ಒಂದು ಬಾಳೆಹಣ್ಣಿಗೆ ಸೋತೆ.

ಸ್ಕ್ಯಾನಿಂಗ್‌ನಲ್ಲಿ ಅವಳಿ! ಒಂದೇ ಅಂಡದಿಂದಾದ ತದ್ರೂಪಿಗಳು ಎಂದರು ಡಾಕ್ಟರ್. ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಿ ಪರದೆಯ ಚಿತ್ರವೇ ಅಲ್ಲಾಡಿ, "ಸ್ವಲ್ಪ ಸುಮ್ನಿರಿ ಮೇಡಂ" ಅನ್ನಿಸಿಕೊಂಡೆ.

ಸದಾಶಿವನಗರದ ಮನೆ ಬಾಗಿಲಲ್ಲೇ ಅತ್ತೆ ಹಿಡಿದರು. "ಬಸುರಿ ಜೋಡಿ ಬಾಳೆಹಣ್ಣು ತಿನ್ಬಾರ್ದು ಕಣೇ ಅಂತ ಬಡ್ಕೊಂಡೆ. ಕೇಳಿದ್ಯಾ?"

ಕೂರಿಸಿಕೊಂಡು ವಿವರಿಸಿದೆ. ಒಂದು ಕೋಶ ತನ್ನೊಳಗಿನದನ್ನೆಲ್ಲ ನಕಲು ಮಾಡಿಕೊಂಡು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮಗು ಬೆಳೆಯುವುದೇ ಹಾಗೆ. ನಮ್ಮದರಲ್ಲಿ ಆ ಕೋಶಗಳ ಗುಂಪು ಶುರುವಿನಲ್ಲೇ ಬೇರೆಯಾಗಿ, ಎರಡು ಪಾಲೂ ಒಂದೊಂದು ಪೂರ್ತಿ ಮಗುವಾಗಲು ಹೊರಟಿವೆ.

ಅತ್ತೆ ಗಮನವಿಟ್ಟು ಕೇಳಿದರು. "ಸರಿ ಕಣಮ್ಮ. ಅದ್ಯಾಕೆ ಬೇರೆ ಆಯ್ತು?"

"ಅದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಅತ್ತೆ."

"ನಂಗೊತ್ತು ಬುಡು."

ಊಟವಾದ ಮೇಲೆ ಬಾಳೆಚಿಪ್ಪಿನಲ್ಲಿ ಹುಡುಕಿ, ಒಂದು ಜೋಡಿ ಹಣ್ಣು ಕಿತ್ತು ನನ್ನ ಕೈಗಿಟ್ಟರು. "ತಿನ್ನು, ಇನ್ನೇನ್ ಭಯ?"

ಅವರಿಗೂ ಅರ್ಧ ಕೊಡಲು ಹೋದೆ.

"ನಂಗ್ಯಾಕೆ? ನೀವು ಮೂರು ಜನ ಇದೀರಲ್ಲ."

ಮೂರು ಜನ. ಇನ್ನೊಂದು ಸಲ ಬರೆದುಕೊಳ್ಳುತ್ತೇನೆ: ಮೂರು ಜನ.