ವಿಧವೆಯ ಬೆಂಚು

ಮಂಗಳವಾರ, ಆಗಸ್ಟ್ 6

ಮತ್ತೆ ಸೊಪ್ಪು, ಮತ್ತೆ ಜೋಳದ ಮುದ್ದೆ ಉಗಾಲಿ. ಹೊಟ್ಟೆ ಭಾರ, ತಲೆ ಖಾಲಿ. ಕಕಮೆಗಾ ಪಟ್ಟಣದ ಶವಾಗಾರದಿಂದ ನಮ್ಮೂರ ಕೆವೆರೆಂಗೆಯ ಶವ ಶನಿವಾರ ಬರುತ್ತದೆ, ಅಂದೇ ಮಣ್ಣು. ಹೆಂಡತಿಯರು ಇಬ್ಬರು. ಪೆಟ್ಟಿಗೆಯ ಪಕ್ಕದ ವಿಧವೆಯ ಬೆಂಚಿನಲ್ಲಿ ಹಿರಿಯಳು ರಸೋವಾ ಒಬ್ಬಳೇ ಕೂರಬೇಕು, ಎರಡನೆಯವಳು ಜೆಂಡೆಕಾ ಬೇಲಿಯಾಚೆ ನಿಲ್ಲಬೇಕು — ಸಭೆ ಒಪ್ಪುವುದು ಮೊದಲ ಮದುವೆಯನ್ನಷ್ಟೇ ಎಂದು ಸಭೆಯ ಹಿರಿಯ ಅಮುಗುನೆಯವರ ಪಟ್ಟು. ನಾಳೆ ನಮ್ಮ ಕ್ವೇಕರ್ ಕ್ರೈಸ್ತ ಸಭೆಯಲ್ಲಿ ಇದರ ನಿರ್ಣಯ. ಬರೆಯುವ ಗುಮಾಸ್ತ ನಾನು, ಊರ ಶಾಲೆಯ ಮೇಷ್ಟ್ರು.

ಒಳಗೇನೋ ಒಪ್ಪುತ್ತಿಲ್ಲ. ಹೆಂಡತಿ ಮಿದೇವಾಗೆ ಹೇಳಿದೆ.

"ಒಳಗಿನ ಬೆಳಕೋ, ಅಮುಗುನೆ ಮೇಲಿನ ಸಿಟ್ಟೋ, ಮೇಷ್ಟ್ರೇ?"

"ಎರಡೂ ಒಂದೇ ಕಡೆ ಉರಿಯುತ್ತೆ ಕಣೇ. ಅದೇ ಕಷ್ಟ."

ಬುಧವಾರ, ಸಂಜೆ

ನಮ್ಮಲ್ಲಿ ಮತ ಎಣಿಸುವುದಿಲ್ಲ. ಮೌನವಾಗಿ ಕೂತು ಒಳಗಿನ ಬೆಳಕಿಗೆ, ಎಂದರೆ ಒಳಗೆ ನುಡಿಯುವ ದೇವರಿಗೆ, ಕಿವಿಗೊಡುವುದು. ಒಬ್ಬರಿಗೆ ಒಪ್ಪಿಗೆಯಾಗದಿದ್ದರೂ ನಿರ್ಣಯವಿಲ್ಲ. ಗುಮಾಸ್ತ ಮಾತ್ರ ತನ್ನ ಮನಸ್ಸು ಹೇಳುವಂತಿಲ್ಲ — ಹೇಳಲೇಬೇಕೆಂದರೆ ಮೇಜು ಬಿಟ್ಟು ಏಳಬೇಕು.

ಪೆನ್ನು ಇಟ್ಟೆ. ಎದ್ದೆ.

"ನನ್ನೊಳಗೆ ಬೇಡ ಅಂತಿದೆ. ಜೆಂಡೆಕಾನೂ ಕೂರಲಿ."

ಅಮುಗುನೆ: "ದೇವರು ನಿಂಗೊಬ್ಬನಿಗೇ ಫೋನ್ ಮಾಡ್ತಾನೇನಪ್ಪಾ? ನಮಗೆಲ್ಲ ನೆಟ್‌ವರ್ಕ್ ಇಲ್ವಾ?"

ಎಲ್ಲರೂ ನಕ್ಕರು. ರಸೋವಾ ನಗಲಿಲ್ಲ. ಎದ್ದು ನಿಂತಳು.

"ಅವಳು ನನ್ನ ಅಂಗಳಕ್ಕೆ ಕಾಲಿಟ್ಟ ದಿನದಿಂದ ನನ್ನೊಳಗೂ ಬೇಡ ಬೇಡ ಅಂತಲೇ ಕೂಗ್ತಿದೆ, ಮೇಷ್ಟ್ರೇ. ಅದು ದೇವರಲ್ವಾ? ನನ್ನ ಬೆಂಚನ್ನ ದಾನ ಕೊಡೋಕೆ ನಿಮ್ಮೊಳಗಿನ ದೇವರು ಯಾರು?"

ಬೆಳಕಿದೆಯೆಂದು ಎದ್ದವನು ಕಣ್ಣು ಕತ್ತಲಾಗಿ ಕೂತೆ. ನಿರ್ಣಯವಾಗಲಿಲ್ಲ; ಅಮುಗುನೆ ಹೇಳಿದ್ದೂ ಇಲ್ಲ, ನಾನು ಹೇಳಿದ್ದೂ ಇಲ್ಲ.

ಶುಕ್ರವಾರ

ಪ್ರಾರ್ಥನೆಗೆ ಕೂತೆ. ಒಳಗೆ ಯಾರೂ ಇಲ್ಲ. ಊಟಕ್ಕೆ ಹೋಗಿರಬೇಕು.

ನಾನು ಉದಾರಿಯಾದದ್ದು ರಸೋವಾಳ ಖರ್ಚಿನಲ್ಲಿ... ಅದಂತೂ ನಿಜ. ಆದರೂ ಬೇಡ ಎಂದದ್ದು ಸುಳ್ಳಲ್ಲ.

ಶನಿವಾರ

ಮಣ್ಣು ಮುಗಿಯಿತು.

ಹಾಡು ಶುರುವಾದಾಗ ಜೆಂಡೆಕಾ ಬೇಲಿಯ ಬಳಿ, ಚಪ್ಪಲಿ ಕೈಯಲ್ಲಿ. ರಸೋವಾ ಬೆಂಚಿನ ನಟ್ಟನಡುವೆ. ಊರಿನ ಕಣ್ಣೆಲ್ಲ ನನ್ನ ಮೇಲೆ. ನನ್ನ ಕಣ್ಣು ನನ್ನ ಬೂಟಿನ ಮೇಲೆ. ತಲೆಯೆತ್ತಿದಾಗ ರಸೋವಾ ಬೆಂಚಿನ ತುದಿಗೆ ಸರಿಯುತ್ತಿದ್ದಳು. ಕರೆಯಲಿಲ್ಲ, ಅತ್ತ ನೋಡಲೂ ಇಲ್ಲ. ಜೆಂಡೆಕಾ ಬಂದು ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

ಆಮೇಲೆ ಅಮುಗುನೆ ರಸೋವಾಳನ್ನು ಮೆತ್ತಗೆ ಕೇಳಿದರು, "ಒಳಗಿನ ಕೂಗು ನಿಲ್ತೇನಮ್ಮಾ?"

"ಎಲ್ಲಿ ನಿಲ್ತು? ಕೂಗ್ತಾನೇ ಇತ್ತು. ಆದ್ರೂ ಸರಿದೆ. ಯಾಕೆ ಅಂತ ಕೇಳ್ಬೇಡಿ."

ನಾಳೆ ಸಭೆಗೆ ಈ ವಿಷಯದ ನಡಾವಳಿ ಓದಿ ಹೇಳಬೇಕು. ಬರೆಯಲು ಕೂತಿದ್ದೇನೆ; ಎಲ್ಲ ನಿರ್ಣಯಕ್ಕೂ ಇರುವ ಮೊದಲ ಸಾಲಿನಲ್ಲೇ ಪೆನ್ನು ನಿಂತಿದೆ. 'ಸಭೆಗೆ ಸ್ಪಷ್ಟವಾದದ್ದೇನೆಂದರೆ —'