ಹಸಿರು ದಾರದ ಗಂಟು

ಗದಗ, 2191ರ ಫೆಬ್ರುವರಿ 30

ಹಿಂದಿನವರಿಗೆ ನಮಸ್ಕಾರ. ತಾರೀಖು ತಪ್ಪಾಗಿಲ್ಲ, ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಮನ್ನಿಸಿ.

ನಾನು ಮುರಿಗೆಪ್ಪ, ನಮ್ಮ ಓಣಿಯ ಸೂಜಿಮನೆಯಲ್ಲಿ ಲಸಿಕೆ ಹಾಕುವವನು. ಸೂಜಿಮನೆ ಎಂದರೆ ನಿಮ್ಮ ಕಾಲದ ಆರೋಗ್ಯ ಕೇಂದ್ರ. ಒಬ್ಬರಿಂದೊಬ್ಬರಿಗೆ ಹರಡುವ ಕೆಂಜ್ವರಕ್ಕೆ ಲಸಿಕೆ ಹಾಕಿದ ಕೂಡಲೇ ಮುಂಗೈಗೆ ಹಸಿರು ದಾರ ಕಟ್ಟುವುದು ನಮ್ಮ ಪದ್ಧತಿ. ದಾರ ಇದ್ದವರು ಯಾರ ಮನೆಗಾದರೂ ಹೋಗಬಹುದು. ಅವರೆದುರು ಜ್ವರದ ಸುದ್ದಿ ಎತ್ತುವುದು ಅಗೌರವ. ದಾರ ಕಂಡೂ ನಂಬಿಕೆ ಇಲ್ಲವೇ ಎಂದು ಮುಖ ಗಂಟಿಕ್ಕಿಕೊಳ್ಳುತ್ತಾರೆ. ಮರ್ಯಾದೆಯ ವಿಷಯದಲ್ಲಿ ನಾವು ನಿಮಗಿಂತ ಜಾಣರೇನೂ ಆಗಿಲ್ಲ.

ನನ್ನ ತಂಗಿ ನೀಲಗಂಗಾಳಿಗೆ ಬೇರೊಬ್ಬರ ಕಿಡ್ನಿ ಹಾಕಿದ್ದರು. ದೇಹ ಅದನ್ನು ತಿರಸ್ಕರಿಸದಿರಲೆಂದು ಅವಳು ದಿನಾ ನುಂಗುತ್ತಿದ್ದ ಮಾತ್ರೆ, ರೋಗವನ್ನು ಎದುರಿಸುವ ಶಕ್ತಿಯನ್ನೂ ಕುಗ್ಗಿಸುತ್ತಿತ್ತು. ಅಂಥವರಿಗೆ ಲಸಿಕೆ ಹಾಕಿದರೂ ಹತ್ತದೇ ಹೋಗಬಹುದು. ಮೂರು ವಾರ ಬಿಟ್ಟು ರಕ್ತ ನೋಡಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎರಡು ವರ್ಷ ಯಾರ ಮನೆಯ ಹೊಸ್ತಿಲನ್ನೂ ತುಳಿಯದವಳು ಕೈ ಚಾಚಿ ಕೂತಿದ್ದಳು. ಲಸಿಕೆ ಹಾಕಿ ದಾರ ಕಟ್ಟಿದೆ.

"ಅಣ್ಣಾ, ಇನ್ನ ಅಕ್ಕನ ಮೊಮ್ಮಗನ್ನ ಎತ್ಕೋಬಹುದಲ್ಲ?"

"ಎತ್ಕೋ" ಎಂದೆ.

ಮೂರು ವಾರ ಕಳೆಯಿತು. ರಕ್ತ ನಾಳೆ ನೋಡಿದರಾಯಿತು ಎಂದು ಬಿಟ್ಟೆ. ದಾರ ಇತ್ತಲ್ಲ. ಮರುತಿಂಗಳು ಆ ಕೂಸಿನ ತೊಟ್ಟಿಲ ಕಾರ್ಯಕ್ಕೆ ಅವಳು ಹೊಸ ಇಳಕಲ್ ಸೀರೆ ಉಟ್ಟು ಹೋದಳು. ಕೂಸಿನ ಅಪ್ಪನಿಗೆ ಲಸಿಕೆ ಹಾಕಿಸಿಕೊಳ್ಳಲು ಪುರುಸೊತ್ತಾಗಿರಲಿಲ್ಲ. ಹಿಂದಿನ ದಿನದಿಂದ ಅವನ ಮೈ ಬಿಸಿಯಿತ್ತು. ಹೇಳಬೇಕೆಂದುಕೊಂಡನಂತೆ, ಅವಳ ಮುಂಗೈ ನೋಡಿ ಸುಮ್ಮನಾದನಂತೆ. ಪಕ್ಕದಲ್ಲೇ ಕೂತು, ಕೂಸನ್ನು ಅವಳ ಮಡಿಲಿಗೆ ಅವನೇ ಕೊಟ್ಟ. ಹತ್ತನೆಯ ದಿನಕ್ಕೆ ಅವಳಿಗೆ ಕೆಂಜ್ವರ ಬಂತು. ಆಗ ರಕ್ತ ನೋಡಿದೆ: ಲಸಿಕೆ ಹತ್ತಿದ ಗುರುತೇ ಇರಲಿಲ್ಲ. ಹದಿನಾರು ದಿನ ಮಲಗಿದ್ದು ತೀರಿಕೊಂಡಳು. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಲಿದೆ.

ಈಗ ಪದ್ಧತಿ ಬದಲಾಗಿದೆ. ನೀಲಗಂಗಾಳಂಥವರ ಮುಂಗೈ ಬರಿದಾಗಿಯೇ ಇರುತ್ತದೆ. ಲಸಿಕೆ ಹಾಕಿ ದಾರ ಕಟ್ಟುವುದು ಅವರ ಸುತ್ತ ಇರುವವರಿಗೆ. ನಿಮ್ಮ ಕಾಲದಲ್ಲಿ ದಾರವಿಲ್ಲ, ಆದರೆ ಇಂಥ ತಂಗಿಯರು ಇದ್ದಾರೆ. ಅವರಿಗಾಗಿ ನೀವು ಲಸಿಕೆ ಹಾಕಿಸಿಕೊಳ್ಳಿ. ಮೈ ಬಿಸಿಯಿದ್ದರೆ ಸಂಕೋಚಪಡದೆ ಬಾಗಿಲಲ್ಲೇ ನಿಂತು ಹೇಳಿಬಿಡಿ.

ನೀಲಗಂಗಾಳ ದಾರವನ್ನು ಕೊನೆಗೆ ನಾನೇ ಬಿಚ್ಚಲು ಹೋದೆ. ಗಂಟನ್ನು ಗಟ್ಟಿಯಾಗಿ ಹಾಕಿದ್ದೆ. ಕತ್ತರಿ ತರಿಸಬೇಕಾಯಿತು.

ಇಂತಿ,
ಮುರಿಗೆಪ್ಪ